ಕೋಡಿಂಗ್ ಕಲಿಯಲು ಕೆಲಸ ಬಿಡಬೇಕೇ?

ಪ್ರಶ್ನೆ: ನನಗೆ 29 ವರ್ಷ, ಬಿ.ಕಾಂ. ಆಗಿದೆ. ಎಚ್‌ಎಸ್‌ಆರ್ ಲೇಔಟ್‌ನ ಏಜೆನ್ಸಿಯೊಂದರಲ್ಲಿ ಐದು ವರ್ಷದಿಂದ ಬಿಲ್ಡರ್‌ಗಳ ಗೂಗಲ್, ಮೆಟಾ ಜಾಹೀರಾತು ನೋಡಿಕೊಳ್ಳುತ್ತಿದ್ದೇನೆ. ಸೋಮವಾರ ಪೂರ್ತಿ ರಿಪೋರ್ಟ್ ಮಾಡುವುದರಲ್ಲೇ ಹೋಗುತ್ತದೆ. ಸಂಬಳ ನಿಂತಲ್ಲೇ ನಿಂತಿದೆ. ಕೆಲಸ ಬಿಟ್ಟು, ಸಾಲ ಮಾಡಿ ಫುಲ್‌ಸ್ಟ್ಯಾಕ್ (ವೆಬ್‌ಸೈಟ್‌ನ ಮುಂಭಾಗ, ಹಿಂಭಾಗ ಎರಡನ್ನೂ ಕಟ್ಟುವ) ಕೋರ್ಸ್ ಸೇರಲೇ? ಎಐ ಇರುವಾಗ ಕೋಡಿಂಗ್ ಯಾಕೆ ಅಂತಾನೆ ನನ್ನ ತಮ್ಮ.
– ಹೆಸರು ಬೇಡ, ಬೊಮ್ಮನಹಳ್ಳಿ

ಉತ್ತರ: ಖಂಡಿತ ಕಲಿಯಿರಿ. ಆದರೆ ಕೆಲಸ ಬಿಡಬೇಡಿ, ಸಾಲವಂತೂ ಬೇಡವೇ ಬೇಡ. ಫುಲ್‌ಸ್ಟ್ಯಾಕ್ ಕೋರ್ಸ್ ಮುಗಿಸಿ ಹೊರಬಂದರೆ ಬೆಂಗಳೂರಿನ ಎಂಜಿನಿಯರಿಂಗ್ ಪದವೀಧರರ ಜೊತೆ ಫ್ರೆಷರ್ ಆಗಿ ನಿಲ್ಲಬೇಕಾಗುತ್ತದೆ. ಐದು ವರ್ಷದ ಅನುಭವವನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಅದೇ ಅನುಭವಕ್ಕೆ ಸ್ವಲ್ಪ ಕೋಡ್ ಸೇರಿದರೆ ಗ್ರೋತ್ (ಗ್ರಾಹಕರನ್ನು ಹೆಚ್ಚಿಸುವ), ಮಾರ್ಕೆಟಿಂಗ್ ಅನಲಿಟಿಕ್ಸ್ (ಜಾಹೀರಾತಿನ ಅಂಕಿಅಂಶ ವಿಶ್ಲೇಷಿಸುವ) ಹುದ್ದೆಗಳಿಗೆ ನೀವು ಧೈರ್ಯವಾಗಿ ಅರ್ಜಿ ಹಾಕಬಹುದು.

ಆ ಸೋಮವಾರದ ರಿಪೋರ್ಟ್‌ನಿಂದಲೇ ಶುರು ಮಾಡಿ. ಗೂಗಲ್ ಶೀಟ್ಸ್‌ನ ಎಕ್ಸ್‌ಟೆನ್ಷನ್ಸ್ ಮೆನುವಿನಲ್ಲಿ ಆ್ಯಪ್ಸ್ ಸ್ಕ್ರಿಪ್ಟ್ ಇದೆ; ಭಾಷೆ ಜಾವಾಸ್ಕ್ರಿಪ್ಟ್, ಖರ್ಚಿಲ್ಲ. ಮೊದಲು ಲೀಡ್‌ಗಳ, ಅಂದರೆ ಜಾಹೀರಾತು ನೋಡಿ ಫಾರ್ಮ್ ತುಂಬಿದವರ, ಫೋನ್ ನಂಬರ್ ಸರಿಪಡಿಸಿ. ಒಬ್ಬರೇ ಒಮ್ಮೆ +91 ಸೇರಿಸಿ, ಇನ್ನೊಮ್ಮೆ ಮುಂದೆ ಸೊನ್ನೆ ಹಾಕಿ, ಮತ್ತೊಮ್ಮೆ ನಡುವೆ ಜಾಗ ಬಿಟ್ಟು ಫಾರ್ಮ್ ತುಂಬಿದರೆ ಶೀಟ್‌ನಲ್ಲಿ ಮೂರು ಜನರಾಗುತ್ತಾರೆ. ಅಂಕಿ ಅಲ್ಲದ್ದನ್ನೆಲ್ಲ ತೆಗೆದು ಕೊನೆಯ 10 ಅಂಕಿ ಉಳಿಸಿಕೊಳ್ಳಲು ನಾಲ್ಕೈದು ಸಾಲು ಕೋಡ್ ಸಾಕು. ಅದಕ್ಕೊಂದು ಟೈಮ್ ಟ್ರಿಗರ್ (ಹೇಳಿದ ಹೊತ್ತಿಗೆ ಕೋಡ್ ತಾನೇ ಓಡುವ ವ್ಯವಸ್ಥೆ) ಹಾಕಿದರೆ ನೀವು ಆಫೀಸ್ ತಲುಪುವ ಮೊದಲೇ ಕೆಲಸ ಆಗಿರುತ್ತದೆ.

ಆಮೇಲೆ ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್‌ನಿಂದ ಬೇಕಾದ ಮಾಹಿತಿ ಕೇಳುವ ಭಾಷೆ. ಮಾರ್ಕೆಟಿಂಗ್‌ನವರಿಗೆ ಪೈಥಾನ್‌ಗಿಂತ ಮೊದಲು ಬೇಕಾದದ್ದು ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಜಿಎ4 (ವೆಬ್‌ಸೈಟ್‌ಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್) ಡೇಟಾವನ್ನು, ಎಸ್‌ಕ್ಯೂಎಲ್‌ನಲ್ಲಿ ಪ್ರಶ್ನೆ ಕೇಳಬಹುದಾದ ಗೂಗಲ್‌ನ ಡೇಟಾ ಸಂಗ್ರಹ ಬಿಗ್‌ಕ್ವೆರಿಗೆ ಕಳಿಸುವ ಸೌಲಭ್ಯ ಉಚಿತ ಖಾತೆಗೂ ಇದೆ. ತಿಂಗಳಿಗೆ 1 ಟಿಬಿ ಕ್ವೆರಿ, 10 ಜಿಬಿ ಸಂಗ್ರಹ ಪುಕ್ಕಟೆ. ಆದರೆ ಲಿಂಕ್ ಮಾಡಿದ ಮೇಲಿನ ಡೇಟಾ ಮಾತ್ರ ಬರುತ್ತದೆ, ಹಳೆಯದು ಬರುವುದಿಲ್ಲ. ಹಾಗಾಗಿ ಕಲಿಯುವುದು ತಡವಾದರೂ ಪರವಾಗಿಲ್ಲ, ಲಿಂಕ್ ಈ ವಾರವೇ ಮಾಡಿಸಿ. ಬಿಲ್ಲಿಂಗ್ ಖಾತೆ ಜೋಡಿಸದ ಸ್ಯಾಂಡ್‌ಬಾಕ್ಸ್ ಎಂಬ ಉಚಿತ ಬಿಗ್‌ಕ್ವೆರಿಯಲ್ಲಿ ಟೇಬಲ್‌ಗಳು 60 ದಿನಕ್ಕೆ ಅಳಿಸಿಹೋಗುತ್ತವೆ, ಅದೂ ಗಮನದಲ್ಲಿರಲಿ.

ಇನ್ನು ತಮ್ಮನ ಮಾತು. ಎಐ ಕೋಡ್ ಬರೆದುಕೊಡುತ್ತದೆ, ಬಳಸಿಕೊಳ್ಳಿ. ಆದರೆ ಇದನ್ನು ನೋಡಿ: ಒಂದು ಕ್ಯಾಂಪೇನ್‌ಗೆ ಒಂದು ದಿನ 5,000 ರೂ. ಖರ್ಚಾಗಿ 3 ಲೀಡ್ ಬಂದಿವೆ ಅಂದುಕೊಳ್ಳಿ. ಖರ್ಚಿನ ಟೇಬಲ್ಲನ್ನು ಲೀಡ್ ಟೇಬಲ್ಲಿಗೆ ನೇರವಾಗಿ ಜಾಯಿನ್ ಮಾಡಿದರೆ (ಜೋಡಿಸಿದರೆ) ಮೂರೂ ಸಾಲಿನಲ್ಲಿ 5,000 ಬಂದು ಕೂರುತ್ತದೆ, ಕೂಡಿದರೆ 15,000! ಎರರ್ ಬರುವುದಿಲ್ಲ, ಚಾರ್ಟ್ ಕೂಡ ಚೆನ್ನಾಗಿಯೇ ಕಾಣುತ್ತದೆ. ದಿನದ ಲೀಡ್‌ಗಳನ್ನು ಮೊದಲು ಎಣಿಸಿ, ಒಂದೇ ಸಾಲಿಗೆ ಇಳಿಸಿ, ಆಮೇಲೆ ಜೋಡಿಸಬೇಕು. ಜಾಯಿನ್ ಏನೆಂದು ತಿಳಿಯದವರು ಆ ತಪ್ಪು ಲೆಕ್ಕವನ್ನೇ ಕ್ಲೈಂಟ್ ಮುಂದೆ ಇಡುತ್ತಾರೆ. ಅಂದಹಾಗೆ, ಗ್ರಾಹಕರ ಹೆಸರು, ನಂಬರ್‌ಗಳನ್ನು ಎಐಗೆ ಹಾಕಲೇಬೇಡಿ. ನಕಲಿ ಡೇಟಾ ಕೊಟ್ಟು ಕೋಡ್ ಬರೆಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಏಜೆನ್ಸಿಗಳಿಗೆ ತಮಾಷೆಯ ವಿಷಯವಲ್ಲ.

ನಿಮ್ಮ ಸಂಬಳಕ್ಕೆ ನಿಜವಾಗಿ ನೆರವಾಗುವುದು ಮುಂದಿನ ಹೆಜ್ಜೆ. ಆಟೋ ಟ್ಯಾಗಿಂಗ್ ಆನ್ ಇದ್ದರೆ ಗೂಗಲ್ ಜಾಹೀರಾತಿನ ಕ್ಲಿಕ್ ಜೊತೆ ಜಿಸಿಎಲ್‌ಐಡಿ ಎಂಬ ಗುರುತು ಪೇಜಿನ ವಿಳಾಸಕ್ಕೆ ಅಂಟಿಕೊಂಡು ಬರುತ್ತದೆ. ಅದನ್ನು ಫಾರ್ಮ್‌ನ ಹಿಡನ್ ಫೀಲ್ಡ್‌ಗೆ (ಕಣ್ಣಿಗೆ ಕಾಣದ ಖಾನೆಗೆ) ತುಂಬುವ ಪುಟ್ಟ ಜಾವಾಸ್ಕ್ರಿಪ್ಟ್ ಬರೆಯಿರಿ. ಬಿಲ್ಡರ್‌ನ ಸೈಟ್ ವಿಸಿಟ್‌ಗೆ ಬಂದವರ ಜಿಸಿಎಲ್‌ಐಡಿಯನ್ನು ಗೂಗಲ್ ಆ್ಯಡ್ಸ್‌ಗೆ ಮರಳಿ ಕಳಿಸಿದರೆ, ಬರೀ ಫಾರ್ಮ್ ತುಂಬುವವರ ಬದಲು ಫ್ಲ್ಯಾಟ್ ನೋಡಲು ಬರುವಂಥವರನ್ನು ಹುಡುಕುವುದಕ್ಕೆ ಅದು ದಾರಿಯಾಗುತ್ತದೆ. ಸರ್ಜಾಪುರ ರಸ್ತೆಯ ಬಿಲ್ಡರ್‌ಗೆ ಲೀಡ್ ಎಷ್ಟು ಅಗ್ಗ ಎನ್ನುವುದಕ್ಕಿಂತ, ಸೈಟ್‌ಗೆ ಬಂದ ಒಂದು ಕುಟುಂಬಕ್ಕೆ ಎಷ್ಟು ಖರ್ಚಾಯಿತು ಎನ್ನುವುದು ಮುಖ್ಯ. ಅಪ್ರೈಸಲ್‌ಗೆ ಆ ಅಂಕಿಯನ್ನು ತೆಗೆದುಕೊಂಡು ಹೋಗಿ, ಮೊದಲು ಎಷ್ಟಿತ್ತು, ಈಗೆಷ್ಟು ಅಂತ ತೋರಿಸಿ. ಅಲ್ಲಿ ಕೊಡದಿದ್ದರೆ ಬೇರೆ ಕಂಪನಿಯ ಇಂಟರ್‌ವ್ಯೂಗೂ ಅದೇ ಸಾಕು.

ಪೈಥಾನ್ ಆಮೇಲೆ ನೋಡೋಣ. ಐಐಟಿ, ಐಐಎಸ್‌ಸಿ ನಡೆಸುವ ಎನ್‌ಪಿಟಿಇಎಲ್‌ನ ಆನ್‌ಲೈನ್ ಪಾಠಗಳು ಉಚಿತ. ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ನಮ್ಮೂರಲ್ಲೇ ಬ್ಯಾಂಗ್‌ಪೈಪರ್ಸ್ ಎಂಬ ಪೈಥಾನ್ ಬಳಗವಿದೆ. ಅವರ ಭೇಟಿಗಳಿಗೆ ಹೋಗುವಾಗ ನಿಮ್ಮ ಸೋಮವಾರದ ಸ್ಕ್ರಿಪ್ಟ್ ಇರುವ ಲ್ಯಾಪ್‌ಟಾಪ್ ಜೊತೆಗಿರಲಿ, ಸಿಕ್ಕಿಹಾಕಿಕೊಂಡ ಸಾಲನ್ನು ತೋರಿಸಿ ಕೇಳಿ.