ಹೆಸರಾಂತ ವಾದಕರ ಬೇಸ್ ಗಿಟಾರ್‌ಗೆ ಅಷ್ಟು ಹಣ ಕೊಡಬಹುದೇ?

ದೊಡ್ಡ ಕಲಾವಿದರ ಕೈಯಲ್ಲಿದ್ದ ಬೇಸ್ ಗಿಟಾರ್‌ಗಳಿಗೆ (ಹಾಡಿನ ಮಂದ್ರ ಸ್ವರಗಳನ್ನು ನುಡಿಸುವ ಗಿಟಾರ್) ಅಷ್ಟು ಬೆಲೆ ಏಕೆ, ಉಳಿತಾಯದ ಹಣದಲ್ಲಿ ಅಂಥದ್ದೊಂದನ್ನು ತರಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ನಾನು ದಾವಣಗೆರೆಯ ರಸಮಂಜರಿ ತಂಡಗಳಲ್ಲಿ ಬಹಳ ಕಾಲದಿಂದ ಬೇಸ್ ನುಡಿಸುತ್ತಿದ್ದೇನೆ. ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ದಾಖಲೆ ನೋಡದೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ.

ಬೇಸ್ ವಾದಕರಲ್ಲಿ ಅನೇಕರು ಒಂದೇ ವಾದ್ಯವನ್ನು ನೆಚ್ಚಿಕೊಂಡವರು. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್, ಫೆಂಡರ್ ಕಂಪನಿಯ ಮಾದರಿಯಾದ ತಮ್ಮ 1962ರ ಪ್ರಿಸಿಷನ್ ಬೇಸನ್ನು ತೋರುಬೆರಳೊಂದರಿಂದಲೇ ನುಡಿಸುತ್ತಿದ್ದರು. ತುಂಡಾಗದ ಹೊರತು ತಂತಿ ಬದಲಿಸುತ್ತಿರಲಿಲ್ಲ. ಜಾಝ್ ವಾದಕ ಜಾಕೊ ಪಾಸ್ಟೋರಿಯಸ್ ಅವರ 1962ರ ಜಾಝ್ ಬೇಸ್‌ನಲ್ಲಿ (ಇದೂ ಫೆಂಡರ್ ಮಾದರಿ) ಸ್ವರದ ಜಾಗ ಗುರುತಿಸುವ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳಿಲ್ಲ, ಬೆರಳಾಡುವ ಹಲಗೆಗೆ ಎಪಾಕ್ಸಿ ಎಂಬ ಗಟ್ಟಿ ರಾಳ ಬಳಿಯಲಾಗಿದೆ. ಅವರ ಹಾಡುವಂಥ ನಾದದಲ್ಲಿ ಆ ಹಲಗೆಗೂ ಪಾಲಿದೆ. ಅಂಥ ವಾದ್ಯವನ್ನು ಒಮ್ಮೆ ಮುಟ್ಟಬೇಕೆಂದು ನನಗೂ ಅನಿಸುತ್ತದೆ.

ಬೆಲೆಯ ಅಂದಾಜಿಗೆ ಒಂದು ಉದಾಹರಣೆ: ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ಬಿಲ್ ವೈಮನ್ ಅವರ 1969ರ ಫೆಂಡರ್ ಮಸ್ಟಾಂಗ್ ಬೇಸ್ 2020ರ ಹರಾಜಿನಲ್ಲಿ 3,84,000 ಡಾಲರ್‌ಗೆ ಹೋಯಿತು, ಆಗಿನ ದರದಲ್ಲಿ ಸುಮಾರು 2.8 ಕೋಟಿ ರೂಪಾಯಿ.

ಈ ಹಣ ಮರಕ್ಕಲ್ಲ, ಪುರಾವೆಗೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡ್‌ಗೆ ಕೊಂಡ ಹಾಫ್ನರ್ ಬೇಸ್ 1972ರಲ್ಲಿ ಲಂಡನ್ನಿನಲ್ಲಿ ಕಳುವಾಗಿತ್ತು. ಒಂದು ಮನೆಯ ಅಟ್ಟದ ಮೇಲೆ ಬಿದ್ದಿದ್ದಷ್ಟು ಕಾಲ ಅದು ಯಾರದೋ ಹಳೆಯ ವಾದ್ಯ. ಇದೇ ಅದು ಎಂದು ಹಾಫ್ನರ್ ಕಂಪನಿ ಖಚಿತಪಡಿಸಿ, 2024ರಲ್ಲಿ ಸುದ್ದಿ ಹೊರಬಿದ್ದಾಗ ಪತ್ರಿಕೆಗಳು ಅದರ ಬೆಲೆಯನ್ನು ದಶಲಕ್ಷಗಳ ಪೌಂಡ್‌ಗಳಲ್ಲಿ ಲೆಕ್ಕ ಹಾಕಿದವು.

ಹಾಗಾಗಿ ಮಾರುವವರ ಮಾತಿನಲ್ಲಿ ಮೂರನ್ನು ಬೇರೆ ಬೇರೆ ಮಾಡಿ ನೋಡಿ: ಕಲಾವಿದರು ಸಹಿ ಹಾಕಿಕೊಟ್ಟದ್ದು, ಅವರ ಹೆಸರಿನಲ್ಲಿ ಕಾರ್ಖಾನೆ ತಯಾರಿಸಿದ್ದು, ಅವರೇ ಇಟ್ಟುಕೊಂಡು ನುಡಿಸಿದ್ದು. ಕೊನೆಯದಕ್ಕೆ ಮಾತ್ರ ಆ ಬೆಲೆ. ಸೀರಿಯಲ್ ನಂಬರ್ ಒಂದನ್ನೇ ನಂಬಬೇಡಿ. ಹಳೆಯ ಫೆಂಡರ್‌ಗಳಲ್ಲಿ ಅದು ಹಿಂಬದಿಯ ಲೋಹದ ಪಟ್ಟಿಯ ಮೇಲಿರುತ್ತದೆ, ನಾಲ್ಕು ಸ್ಕ್ರೂ ಬಿಚ್ಚಿದರೆ ಬೇರೆ ಗಿಟಾರ್‌ಗೆ ಹೋಗುತ್ತದೆ. ಮರದ ಎಳೆ, ಗೀರು, ಬಣ್ಣ ಎದ್ದ ಜಾಗ ಹಳೆಯ ಸಂಗೀತ ಕಛೇರಿಗಳ ಫೋಟೋಗಳೊಂದಿಗೆ ತಾಳೆಯಾಗಬೇಕು. ಯಾರಿಂದ ಯಾರಿಗೆ ಬಂತೆಂಬ ಸರಪಳಿ ಎಲ್ಲಿಯೂ ಕಡಿದಿರಬಾರದು. ಜೇಮರ್ಸನ್, ಜಾಕೊ ಇಬ್ಬರ ಬೇಸ್‌ಗಳೂ ಕಳುವಾದವೇ ಆಗಿದ್ದವು. ಕದ್ದ ಮಾಲು ನಿಮ್ಮ ಮನೆ ಸೇರಿದರೆ ಹಣವೂ ಹೋಗುತ್ತದೆ, ವಾದ್ಯವೂ ಹೋಗುತ್ತದೆ.

ಮೇಲಿನ ಖರ್ಚೂ ಇದೆ: ಹರಾಜು ಸಂಸ್ಥೆಯ ಕಮಿಷನ್, ವಿಮೆ, ಸಾಗಣೆ, ಕಸ್ಟಮ್ಸ್ ಸುಂಕ, ಆಮದಿನ ಮೇಲಿನ ತೆರಿಗೆಯಾದ ಐಜಿಎಸ್‌ಟಿ. ಅರವತ್ತರ ದಶಕದ ಮೊದಲ ವರ್ಷಗಳ ಫೆಂಡರ್‌ಗಳಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಇರುತ್ತದೆ. ಅದಕ್ಕೆ 1992ರಿಂದ ಅಂತಾರಾಷ್ಟ್ರೀಯ ನಿರ್ಬಂಧವಿದೆ, ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. ಮುಂದೆ ಫೆಂಡರ್ ಬಳಸಿದ್ದು ಭಾರತದ ರೋಸ್‌ವುಡ್ಡನ್ನು, ಅಂದರೆ ನಮ್ಮ ಬೀಟೆಯನ್ನು!

ನುಡಿಸುವುದಕ್ಕಾಗಿಯೇ ಆದರೆ ಖಂಡಿತ ಬೇಡ. ಗಣೇಶೋತ್ಸವದ ವೇದಿಕೆಗೆ ಒಯ್ಯಲಾಗದ, ಸವೆದ ಫ್ರೆಟ್ ಬದಲಿಸಲೂ ಹಿಂಜರಿಯಬೇಕಾದ ಬೇಸ್ ನನಗೆ ಬೇಡ. ಒಳ್ಳೆಯ ಪ್ರಿಸಿಷನ್ ಬೇಸ್ ಕೊಂಡು ಫ್ಲ್ಯಾಟ್‌ವೌಂಡ್ ತಂತಿ (ಚಪ್ಪಟೆ ಲೋಹದೆಳೆ ಸುತ್ತಿದ, ನುಣುಪಾದ ತಂತಿ) ಹಾಕಿ. ಜೇಮರ್ಸನ್ ಅವರ ಮಂದ್ರ ನಾದಕ್ಕೆ ಬಹಳ ಹತ್ತಿರ ಬರುತ್ತೀರಿ.

ಸಂಗ್ರಹವೇ ಬೇಕೆಂದಿದ್ದರೆ, ಮದ್ರಾಸು ಮತ್ತು ಬೆಂಗಳೂರಿನ ಸ್ಟುಡಿಯೋಗಳಲ್ಲಿ ಕನ್ನಡ ಹಾಡುಗಳಿಗೆ ಬೇಸ್ ನುಡಿಸಿದವರನ್ನು ಹುಡುಕಿ. ಅವರಲ್ಲಿ ಹೆಚ್ಚಿನವರ ಹೆಸರು ಕ್ಯಾಸೆಟ್‌ನ ಹೊದಿಕೆಯ ಮೇಲೂ ಬರಲಿಲ್ಲ. ಯಾರಾದರೂ ವಾದ್ಯ ಕೊಡಲು ಒಪ್ಪಿದರೆ ನ್ಯಾಯವಾದ ಬೆಲೆ ಕೊಡಿ, ಯಾವಾಗ ಕೊಂಡದ್ದು, ಯಾವ ಹಾಡುಗಳಿಗೆ ನುಡಿಸಿದ್ದು ಎಂದು ಅವರ ಕೈಬರಹದಲ್ಲೇ ಬರೆಸಿಕೊಳ್ಳಿ, ವಾದ್ಯದೊಂದಿಗೆ ಅವರ ಫೋಟೋ ತೆಗೆದಿಡಿ. ನಾನಾದರೆ ಅಲ್ಲಿಂದಲೇ ಆರಂಭಿಸುತ್ತೇನೆ.