ಆಟಿಸಂ ಇರುವ ಮಗುವಿಗೆ ಥೆರಪಿ ಕೊಡಿಸಿದರೆ ಸಾಲದೇ? ಕಾನೂನಿಗಾಗಿ ಪಾಲಕರು ಯಾಕೆ ಓಡಾಡಬೇಕು?

ಯಾಕೆಂದರೆ ಸರ್ಕಾರಿ ಕಚೇರಿ ನಡೆಯುವುದೇ ಪಟ್ಟಿಯ ಮೇಲೆ. ಕಾನೂನಿನ ಪಟ್ಟಿಯಲ್ಲಿ ಆ ವೈಕಲ್ಯದ ಹೆಸರಿಲ್ಲದಿದ್ದರೆ ಪ್ರಮಾಣಪತ್ರ ಇಲ್ಲ. ಅದಿಲ್ಲದೆ ಸೌಲಭ್ಯವೂ ಇಲ್ಲ.

1995ರ ಅಂಗವಿಕಲರ ಕಾಯ್ದೆಯನ್ನೇ ನೋಡಿ. ಅದರಲ್ಲಿ ಇದ್ದದ್ದು ಏಳೇ ಬಗೆ, ಆಟಿಸಂ ಇರಲಿಲ್ಲ. ಹಾಗಾಗಿ ಲೆಕ್ಕ ಚೆನ್ನಾಗಿ ಮಾಡುವ, ಆದರೆ ಮಾತಾಡದ ಹುಡುಗನಿಗೂ ಒಂದೋ 'ಬುದ್ಧಿಮಾಂದ್ಯ' ಎಂಬ ಚೀಟಿ, ಇಲ್ಲವೇ ಬರಿಗೈ. ಪಾಲಕರು ಬೆನ್ನುಬಿದ್ದ ಮೇಲೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಲ್ಲಿ ಆಟಿಸಂ ಹೆಸರು ಸೇರಿತು. ಆ ನ್ಯಾಸದಿಂದ ಬಂದದ್ದೇ ನಿರಾಮಯ ಆರೋಗ್ಯ ವಿಮೆ: ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಅದರಲ್ಲಿ ಥೆರಪಿ ಖರ್ಚಿಗೂ ಒಂದು ಪಾಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿತು, ಆಟಿಸಂ ಅಲ್ಲೂ ಬಂತು.

ಅಲ್ಲಿಗೆ ಮುಗಿಯಿತಾ? ಇಲ್ಲ. ಮೀಸಲಾತಿಯಂಥ ಸೌಲಭ್ಯಕ್ಕೆ ವೈಕಲ್ಯ ಕನಿಷ್ಠ ಶೇ. 40 ಇರಬೇಕು. ಅದನ್ನು ಅಳೆಯುವುದು 40 ಅಂಶಗಳ ಒಂದು ನಮೂನೆಯಲ್ಲಿ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನಾ, ಕೇಳಿದ ಮಾತನ್ನೇ ತಿರುಗಿ ಹೇಳುತ್ತಾನಾ, ಹೀಗೆ. ಶೇ. 40ರ ಗೆರೆಯ ಕೆಳಗೆ ಉಳಿದ ಮಗುವಿಗೂ ಥೆರಪಿ ಬೇಕೇ ಬೇಕು, ಅಲ್ವಾ? ನನ್ನ ಪ್ರಕಾರ, ಕಾನೂನು ಬದಲಿಸಿ ಎಂದು ಸಂಸದರ ಹತ್ತಿರ ಹೋಗುವ ಪಾಲಕರು ಮೊದಲು ಎತ್ತಬೇಕಾದ ಮಾತು ಈ ಗೆರೆಯದೇ.