ದುಡ್ಡಿನ ಮಾತಿಲ್ಲದೆ ಪುಸ್ತಕ ಮುಟ್ಟದ ಮಗ

ಪ್ರಶ್ನೆ: ನಮ್ಮದು ಸೇಡಂ ತಾಲ್ಲೂಕಿನ ಹಳ್ಳಿ, ತೊಗರಿ ಬೆಳೆಯುವ ಒಕ್ಕಲುತನದ ಮನೆ. ಮಗ ಹತ್ತನೆಯ ತರಗತಿಯವರೆಗೆ ಊರಿನಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದ. ಯಾರೂ ಹೇಳದಿದ್ದರೂ ರಾತ್ರಿ ಕುಳಿತು ಲೆಕ್ಕ ಬಿಡಿಸುತ್ತಿದ್ದ, ಓಣಿಯ ಚಿಕ್ಕ ಮಕ್ಕಳಿಗೂ ಹೇಳಿಕೊಡುತ್ತಿದ್ದ. ಈಗ ಕಲಬುರಗಿಯ ವಸತಿನಿಲಯದಲ್ಲಿದ್ದು ಪಿಯುಸಿ ವಿಜ್ಞಾನ ಓದುತ್ತಿದ್ದಾನೆ. ಮೊದಲ ಪರೀಕ್ಷೆಯಲ್ಲಿ ಅಂಕ ಬಹಳ ಕಡಿಮೆ ಬಂದಾಗ ಅವನ ತಂದೆಯವರು, ಅಂಕ ಏರಿದಾಗಲೆಲ್ಲ ಐದುನೂರು ರೂಪಾಯಿ ಕೊಡುವುದಾಗಿ ಹೇಳಿದರು. ಸ್ವಲ್ಪ ಏರಿತು. ಈಗ ದುಡ್ಡಿನ ಮಾತಿಲ್ಲದೆ ಪುಸ್ತಕ ಮುಟ್ಟುವುದಿಲ್ಲ, ಊರಿಗೆ ಬಂದರೂ ಮಾತಾಡುವುದಿಲ್ಲ. ಇನ್ನೂ ಬಿಗಿ ಮಾಡಬೇಕೆಂದು ನಮ್ಮ ಭಾವನವರು ಹೇಳುತ್ತಾರೆ. ಹುಡುಗ ಸೋಮಾರಿಯಾದನೇ?
– ಒಬ್ಬ ತಾಯಿ, ಸೇಡಂ ತಾಲ್ಲೂಕು

ಉತ್ತರ: ಇಲ್ಲ ತಾಯಿ, ನನಗೆ ಹಾಗೆ ಅನ್ನಿಸುವುದಿಲ್ಲ. ಯಾರ ಒತ್ತಾಯವೂ ಇಲ್ಲದೆ ಲೆಕ್ಕ ಬಿಡಿಸುತ್ತಿದ್ದ ಹುಡುಗ ಇಷ್ಟು ಬೇಗ ಸ್ವಭಾವದಿಂದಲೇ ಬದಲಾದನೆಂದು ತೀರ್ಮಾನಿಸುವ ಮೊದಲು, ಅವನ ಸುತ್ತ ಏನೇನು ಬದಲಾಯಿತೆಂದು ನೋಡುವುದು ನ್ಯಾಯ.

ಮೊದಲು ದುಡ್ಡಿನ ವಿಷಯ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬಿಡಿಸಿದ ಪ್ರತಿ ಒಗಟಿಗೆ ಒಂದು ಡಾಲರ್ ಪಡೆದ ಕಾಲೇಜು ವಿದ್ಯಾರ್ಥಿಗಳು, ಹಣ ನಿಂತ ಮೇಲೆ ಬಿಡುವಿನ ಸಮಯದಲ್ಲಿ ಆ ಒಗಟುಗಳ ಕಡೆ ಮೊದಲಿಗಿಂತ ಕಡಿಮೆ ಗಮನ ಕೊಟ್ಟರು. ಹಣದ ಬದಲು ಮೆಚ್ಚುಗೆಯ ಮಾತು ಕೇಳಿದವರಲ್ಲಿ ಹೀಗಾಗಲಿಲ್ಲ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲೂ ಇದನ್ನೇ ಕಂಡರು. ಬರೆದರೆ ಬಹುಮಾನವೆಂದು ಮೊದಲೇ ಹೇಳಿಸಿಕೊಂಡ ಮಕ್ಕಳ ಆಸಕ್ತಿ ಆಮೇಲೆ ಕುಗ್ಗಿತು, ನಿರೀಕ್ಷೆಯೇ ಇಲ್ಲದೆ ಬಹುಮಾನ ಪಡೆದವರದು ಕುಗ್ಗಲಿಲ್ಲ. ಅಂದರೆ ಕೆಡುಕಿರುವುದು ಕೊಡುಗೆಯಲ್ಲಲ್ಲ, 'ಇಷ್ಟು ಮಾಡಿದರೆ ಇಷ್ಟು' ಎಂಬ ಕರಾರಿನಲ್ಲಿ. ತಾನಾಗಿ ಮಾಡುತ್ತಿದ್ದ ಕೆಲಸ ಆಗ ಇನ್ನೊಬ್ಬರಿಗಾಗಿ ಮಾಡುವ ಕೂಲಿಯಾಗಿಬಿಡುತ್ತದೆ.

ಆದರೆ ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದಾಗ, ಅಂಕ ಕುಸಿದದ್ದು ದುಡ್ಡಿನ ಮಾತು ಬರುವುದಕ್ಕೂ ಮೊದಲೇ ಎಂಬುದು ಕಾಣುತ್ತದೆ. ಬೇರು ಅಲ್ಲಿದೆ. ಡೆಸಿ ಮತ್ತು ರಿಚರ್ಡ್ ರಯಾನ್ ಮುಂದೆ ಕಟ್ಟಿದ ಸಿದ್ಧಾಂತದ ಪ್ರಕಾರ ಮನುಷ್ಯನ ಉತ್ಸಾಹಕ್ಕೆ ಮೂರು ಮಾನಸಿಕ ಅಗತ್ಯಗಳು ಪೂರೈಕೆಯಾಗಬೇಕು: ಮಾಡುವ ಕೆಲಸಕ್ಕೆ ತನ್ನ ಮನಸ್ಸಿನ ಒಪ್ಪಿಗೆಯಿರುವುದು, ತನ್ನಿಂದ ಇದು ಸಾಧ್ಯವೆಂಬ ಅನುಭವ, ತನ್ನವರು ಎನ್ನಬಹುದಾದ ಜನ. ಊರಿನಲ್ಲಿ ಈ ಮೂರೂ ಅವನಿಗೆ ಕೇಳದೆಯೇ ಸಿಕ್ಕಿದ್ದವು.

ಕಲಬುರಗಿಗೆ ಬಂದ ಮೇಲೆ ಮೊದಲ ಪೆಟ್ಟು ಬಿದ್ದದ್ದು ಎರಡನೆಯದಕ್ಕೆ ಎಂದು ನನ್ನ ಊಹೆ. ಹತ್ತು ವರ್ಷ ಕನ್ನಡದಲ್ಲಿ ಗಣಿತ, ವಿಜ್ಞಾನ ಕಲಿತ ಮಕ್ಕಳು ಪಿಯುಸಿಯ ಮೊದಲ ದಿನದಿಂದಲೇ ಅವನ್ನು ಇಂಗ್ಲಿಷಿನಲ್ಲಿ ಕೇಳಬೇಕಾಗುತ್ತದೆ. ಬೀದರ್, ಯಾದಗಿರಿಯ ಹಳ್ಳಿಗಳಿಂದ ಬರುವವರ ಪಾಡೂ ಇದೇ. ವಿಷಯ ಗೊತ್ತಿದ್ದೂ ಪ್ರಶ್ನೆಯೇ ಅರ್ಥವಾಗದ ಹುಡುಗ, ತನಗೆ ಭಾಷೆ ತೊಡಕಾಗಿದೆ ಎಂದುಕೊಳ್ಳುವುದಿಲ್ಲ, ತಾನು ದಡ್ಡ ಎಂದುಕೊಳ್ಳುತ್ತಾನೆ. ಓಣಿಯ ಮಕ್ಕಳಿಗೆ ಗುರುವಾಗಿದ್ದವನು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುವಂತಾದರೆ ಆಗುವ ನೋವು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಇದನ್ನು ಹುಡುಗನ ಕೊರತೆಯೆಂದು ಬಗೆಯುವ ಕಾಲೇಜುಗಳ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ಮೊದಲ ಕೆಲವು ತಿಂಗಳು ಎರಡೂ ಭಾಷೆಗಳಲ್ಲಿ ವಿವರಿಸಿದರೆ ಎಷ್ಟೋ ಮಕ್ಕಳು ಉಳಿದುಕೊಳ್ಳುತ್ತಾರೆ. ಅವನಿಗೆ ಅರ್ಥವಾಗದಿರುವುದು ಪಾಠವೋ ಭಾಷೆಯೋ ಎಂದು ಕೇಳಿರಿ. ಭಾಷೆಯಾದರೆ, ಕನ್ನಡದಲ್ಲಿ ಹೇಳಿಕೊಡಬಲ್ಲ ಉಪನ್ಯಾಸಕರನ್ನೋ ಇದೇ ಹಾದಿಯಲ್ಲಿ ಬಂದ ಹಿರಿಯ ವಿದ್ಯಾರ್ಥಿಯನ್ನೋ ಹುಡುಕಿಕೊಡುವುದು ಐದುನೂರು ರೂಪಾಯಿಗಿಂತ ದೊಡ್ಡ ಸಹಾಯ. ಹಾಗೆ ಸಿಗುವ ಒಬ್ಬ ಹಿರಿಯನಿಂದ ಅವನ ಒಂಟಿತನವೂ ಸ್ವಲ್ಪ ನೀಗೀತು.

ವಿಜ್ಞಾನವನ್ನು ಆರಿಸಿದವರು ಯಾರೆಂದು ನೀವು ಬರೆದಿಲ್ಲ. ಮನಸ್ಸಿನ ಒಪ್ಪಿಗೆಯೆಂದರೆ ಹಿರಿಯರ ಮಾತು ಮೀರುವುದೆಂದು ಭಾವನವರು ತಿಳಿಯುವುದು ಬೇಡ. ತಂದೆ ತೋರಿಸಿದ ದಾರಿಯನ್ನೇ ಕಾರಣ ತಿಳಿದು, ತನ್ನದೆಂದು ಒಪ್ಪಿ ನಡೆಯುವ ಮಗನೂ ಸ್ವತಂತ್ರನೇ. ಬಿಗಿ ಮಾಡಿದರೆ ಅವನು ಪುಸ್ತಕದ ಮುಂದೆ ಕೂರಬಹುದು, ಆದರೆ ಆ ಒಪ್ಪಿಗೆ ಹುಟ್ಟುವುದಿಲ್ಲ.

ಹಣವನ್ನು ಶಿಕ್ಷೆಯೆಂಬಂತೆ ತಟ್ಟನೆ ನಿಲ್ಲಿಸಬೇಡಿ. ಕೊಡುತ್ತೇವೆಂದಿದ್ದನ್ನು ಕೊಟ್ಟು ಮುಗಿಸಿ, ಇನ್ನು ಮುಂದೆ ಕೈಖರ್ಚಿಗೆ ಅಂಕದ ಲೆಕ್ಕವಿಲ್ಲವೆಂದು ತಂದೆಯವರೇ ಕಾರಣಸಹಿತ ಹೇಳಲಿ. ಫೋನಿನಲ್ಲಿ ಮೊದಲ ಪ್ರಶ್ನೆ ಅಂಕದ್ದಾಗದಿರಲಿ. ಯಾವ ವಿಷಯವನ್ನು ಯಾವಾಗ ಓದಬೇಕೆಂಬುದನ್ನು ಅವನೇ ನಿರ್ಧರಿಸಲಿ. ಮೊದಲಿನ ಹುರುಪು ಮರಳಲು ತಿಂಗಳುಗಳೇ ಬೇಕಾಗಬಹುದು.

ಅವನ ಮೌನವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ನಿದ್ದೆ, ಊಟ ಕೆಟ್ಟು ಎರಡು ವಾರ ಕಳೆದರೆ ಮನೋವೈದ್ಯರ ಬಳಿ ಕರೆದೊಯ್ಯಿರಿ. ಬದುಕೇ ಬೇಡವೆಂಬ ಮಾತು ಅವನ ಬಾಯಿಂದ ಬಂದರೆ ಒಂದು ದಿನವನ್ನೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ಅವನಿಗೂ ಕೊಟ್ಟಿರಿ.